ಹಗಲು ಹೊತ್ತಿನ ರೇಡಿಯೋ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. "ನೀ ಸಾಫ್ಟ್‌ವೇರ್‌ದಾಂವ, ಕಂಪ್ಯೂಟರ್ ಮ್ಯಾಲೆ ಏನರೆ ಬರಿ" ಎಂದರು. ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತರೆ ಕಂಪ್ಯೂಟರ್ ನೆನಪಾಗಲಿಲ್ಲ. ನಮ್ಮ ಕಾಲಕ್ಕೆ ಶಾಲೆಯಲ್ಲಿ ಕಂಪ್ಯೂಟರ್ ಇರಲೂ ಇಲ್ಲ. ನೆನಪಾದದ್ದು ವಿಜ್ಞಾನ ಕೋಣೆಯ ಕಿಟಕಿಯಲ್ಲಿ ಇರುತ್ತಿದ್ದ ಒಂದು ಟ್ರಾನ್ಸಿಸ್ಟರ್ ರೇಡಿಯೋ. ಅದರ ಹಿಂಬದಿಯ ಮುಚ್ಚಳ ಒಡೆದು ಹೋಗಿ, ಸೆಲ್ಲುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದರು. ಅದರ ಜೊತೆಗೆ ನಲವತ್ತು ಪುಟದ ಒಂದು ನೋಟ್‌ಬುಕ್ ಇತ್ತು. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಅದರಿಂದಲೇ ಈ ಲೇಖನ ಹುಟ್ಟಿತು.

ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ, 2003ರ ಡಿಸೆಂಬರ್. ವಿಜ್ಞಾನದ ಗುರುಗಳು (ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದಾರೆ, ನಮ್ಮ ಬ್ಯಾಚಿನವರಿಗೆ ಹೇಳಬೇಕಾಗಿಯೂ ಇಲ್ಲ) ತರಗತಿಗೆ ಒಂದು ಪ್ರಶ್ನೆ ಹಾಕಿದರು. ರಾತ್ರಿ ರೇಡಿಯೋದ ಮುಳ್ಳು ತಿರುಗಿಸಿದರೆ ಇಡೀ ದೇಶದ ಸ್ಟೇಷನ್ ಬರುತ್ತವೆ, ಹಗಲು ಯಾಕೆ ನಾಲ್ಕೇ ನಾಲ್ಕು? ನಾನು ಎದ್ದು ನಿಂತು, "ಬಿಸಿಲಿಗೆ ಅಲೆ ಒಣಗ್ತಾವ್ರಿ ಸರ್" ಎಂದೆ. ತರಗತಿಯೆಲ್ಲ ನಕ್ಕಿತು. ಸರ್ ನಗಲಿಲ್ಲ. "ಅರ್ಧ ಸರಿ ಐತಿ, ಕುಂಡ್ರು" ಎಂದರು. ಉಳಿದ ಅರ್ಧ ಏನೆಂದು ತಿಳಿಯಲು ನನಗೆ ಎಂಜಿನಿಯರಿಂಗ್ ಕಾಲೇಜಿನವರೆಗೂ ಕಾಯಬೇಕಾಯಿತು.

ಆ ಅರ್ಧವನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ. ನಾವು ಎಎಮ್ ಎಂದು ಕರೆಯುವ ಮಧ್ಯಮ ತರಂಗದ ಪ್ರಸಾರ ಎರಡು ದಾರಿಯಲ್ಲಿ ನಮ್ಮ ಮನೆಗೆ ಬರುತ್ತದೆ. ಒಂದು ಆಕಾಶದ ದಾರಿ. ನೆಲದಿಂದ ನೂರಾರು ಕಿಲೋಮೀಟರ್ ಮೇಲೆ ವಿದ್ಯುತ್ ಕಣಗಳ ಪದರುಗಳಿವೆ, ಅವು ಅಲೆಯನ್ನು ಕನ್ನಡಿಯ ಹಾಗೆ ಕೆಳಕ್ಕೆ ಮರಳಿಸುತ್ತವೆ. ಆದರೆ ಹಗಲು ಸೂರ್ಯನ ಕಿರಣದಿಂದ ಅದಕ್ಕೂ ಕೆಳಗೆ, 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಇನ್ನೊಂದು ಪದರು ಹುಟ್ಟುತ್ತದೆ. ಅದು ಕನ್ನಡಿಯಲ್ಲ, ಒದ್ದೆ ಕಂಬಳಿ. ಮೇಲಕ್ಕೆ ಹೋಗುವ ಮಧ್ಯಮ ತರಂಗವನ್ನು ಹೀರಿಬಿಡುತ್ತದೆ. ಹೊತ್ತು ಮುಳುಗಿದ ಕೂಡಲೇ ಕಂಬಳಿ ಕರಗುತ್ತದೆ, ಕನ್ನಡಿ ಉಳಿಯುತ್ತದೆ, ದೂರದ ಊರುಗಳು ಮಾತಾಡತೊಡಗುತ್ತವೆ. "ನಾವು ಹಗಲೂ ಸಿಲೋನ್ ಕೇಳ್ತಿದ್ದಿವಿ" ಎಂದು ಹಿರಿಯರು ಯಾರಾದರೂ ತಕರಾರು ತೆಗೆಯಬಹುದು. ಕೇಳಿದ್ದು ನಿಜ, ಆದರೆ ಅದು ಶಾರ್ಟ್‌ವೇವ್. ಅದು ಆ ಕಂಬಳಿಯನ್ನು ತೂರಿಕೊಂಡು ಹೋಗುತ್ತದೆ.

ಮಧ್ಯಮ ತರಂಗಕ್ಕೆ ಹಗಲು ಉಳಿಯುವುದು ನೆಲದ ದಾರಿ ಒಂದೇ. ಅಲೆ ಮಣ್ಣಿಗೆ ಅಂಟಿಕೊಂಡು ತೆವಳುತ್ತದೆ. ಹಾಗಾಗಿ ಯಾವ ಮಣ್ಣು ಎಂಬುದು ಮುಖ್ಯವಾಗುತ್ತದೆ. ಉಪ್ಪು ನೀರಿನ ಮೇಲೆ ಬಹುದೂರ ಹೋಗುತ್ತದೆ, ತೇವದ ಎರೆಮಣ್ಣಿನ ಮೇಲೆ ಚೆನ್ನಾಗಿ ಹೋಗುತ್ತದೆ, ಕಲ್ಲು ಮತ್ತು ಜಂಬಿಟ್ಟಿಗೆಯ ಗುಡ್ಡಗಾಡಿನಲ್ಲಿ ಬೇಗ ಸೊರಗುತ್ತದೆ. ನಮ್ಮ ಖಾನಾಪುರ ತಾಲೂಕು ಇರುವುದೇ ಈ ಎರಡರ ನಡುವೆ. ಮೂಡಣಕ್ಕೆ ಧಾರವಾಡ ಸೀಮೆಯ ಕರಿಮಣ್ಣು, ಪಡುವಣಕ್ಕೆ ಘಟ್ಟ. ಹೀಗಾಗಿ ನಮ್ಮೂರಿನ ಹಗಲಿನ ರೇಡಿಯೋದ ಕಥೆ ಎಂದರೆ ಒಂದು ರೀತಿಯಲ್ಲಿ ನಮ್ಮ ಮಣ್ಣಿನ ಕಥೆಯೂ ಹೌದು.

ಹಿಂದಕ್ಕೆ ಹೋಗೋಣ. 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಆರಂಭವಾಯಿತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಅಂದರೆ ಅದು ನಮ್ಮದೇ ರಾಜಧಾನಿಯ ರೇಡಿಯೋ. ಆದರೆ ಅದರ ಶಕ್ತಿ ಕೇವಲ ಒಂದೂವರೆ ಕಿಲೋವ್ಯಾಟ್. ಹಕ್ಕಿ ಹಾರುವ ದಾರಿಯಲ್ಲಿ ನಾಲ್ಕು ನೂರು ಕಿಲೋಮೀಟರ್ ದೂರದ ನಮಗೆ ಅದು ಹಗಲು ಕೇಳುವ ಮಾತೇ ಇರಲಿಲ್ಲ. ಇತ್ತ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಇಡೀ ದೇಶ ಮುಂದೆ ಎತ್ತಿಕೊಂಡ ಹೆಸರು ಅದು. ಕನ್ನಡಿಗರು ಈ ಮಾತನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಆ ಯಂತ್ರ ಮೊದಲಿಗೆ 30 ವ್ಯಾಟಿನದು. ಒಂದು ಸಾದಾ ಸೀಲಿಂಗ್ ಫ್ಯಾನು ಅದಕ್ಕಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ಮೈಸೂರಿನ ಬೀದಿಗಳಿಗೆ ಕೇಳಿದ ಆ ಕನ್ನಡ ಮುಂಬಯಿ ಕರ್ನಾಟಕಕ್ಕೆ ಕೇಳಲು ಸಾಧ್ಯವಿರಲಿಲ್ಲ.

ನಮಗೆ ರೇಡಿಯೋ ಹುಟ್ಟಿದ್ದು 1950ರ ಜನವರಿ 8ರಂದು, ಧಾರವಾಡ ಕೇಂದ್ರ ಆರಂಭವಾದ ದಿನ. ಗಣರಾಜ್ಯಕ್ಕಿಂತ ಹದಿನೆಂಟು ದಿನ ದೊಡ್ಡದು! ರಾಜ್ಯ ಏಕೀಕರಣಕ್ಕೆ ಇನ್ನೂ ಆರು ವರ್ಷಗಳಿಗಿಂತ ಹೆಚ್ಚು ಇತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿ ರಾಜ್ಯದಲ್ಲಿದ್ದವು. ಕಚೇರಿಯ ಕಾಗದ ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿ, ಕಿವಿಗೆ ಬೀಳುವ ಮಾತು ಧಾರವಾಡದಿಂದ ಬರತೊಡಗಿತು. ಆ ಕೇಂದ್ರಕ್ಕೆ ಬೇಂದ್ರೆಯವರು ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು, ಎನ್ಕೆ ಕುಲಕರ್ಣಿಯವರು ಅಲ್ಲಿ ಕೆಲಸ ಮಾಡಿದರು. ಅಷ್ಟು ದೊಡ್ಡವರು ಇದ್ದ ಕೇಂದ್ರ ನಮ್ಮೂರಿನಿಂದ ನೇರ ರೇಖೆಯಲ್ಲಿ ಅರವತ್ತು ಕಿಲೋಮೀಟರೂ ಇಲ್ಲ. ಮುಂದೆ ಅದರ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿ 200 ಕಿಲೋವ್ಯಾಟ್ ಶಕ್ತಿಯದಾಯಿತು. ಮಧ್ಯೆ ಇರುವುದು ಬಹುಪಾಲು ಬಯಲು. ಹಗಲು ಹನ್ನೆರಡಕ್ಕೂ ನಮ್ಮ ಗದ್ದೆಗಳಲ್ಲಿ ಧಾರವಾಡ ಪಕ್ಕದ ಮನೆಯ ಮಾತಿನಷ್ಟು ಸ್ಪಷ್ಟ.

ಈ ಸಂಖ್ಯೆಗಳ ಬಗ್ಗೆ ಒಂದು ಮಾತು, ನನ್ನ ಕಸುಬಿನ ಚಟ ಎಂದು ಕ್ಷಮಿಸಿ. ಹಳೆಯ ಸೆಟ್ಟುಗಳ ಮೇಲೆ ಮೀಟರ್ ಬರೆದಿರುತ್ತಿತ್ತು. ಮೂರು ಲಕ್ಷವನ್ನು 765ರಿಂದ ಭಾಗಿಸಿದರೆ 392 ಮೀಟರ್, ಅದೇ ಧಾರವಾಡದ ಅಲೆಯ ಉದ್ದ. 1978ರ ನವೆಂಬರ್‌ನಿಂದ ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕೂಡಿಸಿದರು. ನಮ್ಮ ಯಾವ ಎಎಮ್ ಸ್ಟೇಷನ್ನಿನ ಸಂಖ್ಯೆ ಬೇಕಾದರೂ ತೆಗೆದುಕೊಳ್ಳಿ, ಒಂಬತ್ತರಿಂದ ನಿಶ್ಶೇಷವಾಗಿ ಭಾಗ ಹೋಗುತ್ತದೆ. 765 ಎಂದರೆ ಒಂಬತ್ತು ಎಂಬತ್ತೈದಲೆ. ಈ ಗುಟ್ಟು ಹತ್ತನೆಯ ತರಗತಿಯಲ್ಲಿ ಗೊತ್ತಿದ್ದರೆ ನನ್ನ ನೋಟ್‌ಬುಕ್ಕಿನಲ್ಲಿ ಅಷ್ಟು ಕಾಟು ಹೊಡೆಯಬೇಕಾಗಿರಲಿಲ್ಲ.

ನಮ್ಮ ಪಡುವಣ ದಿಕ್ಕಿನ ರೇಡಿಯೋ ಕಥೆ ಇನ್ನೂ ರೋಚಕವಾಗಿದೆ, ಆದರೆ ನಮ್ಮ ತಾಲೂಕಿನವರಿಗೇ ಹೆಚ್ಚು ಗೊತ್ತಿಲ್ಲ. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಪಣಜಿಯಲ್ಲಿ ಅವರದೇ 'ಎಮಿಸೋರಾ ದೆ ಗೋವಾ' ಎಂಬ ಕೇಂದ್ರವಿತ್ತು. ಅದಕ್ಕೆ ಎದುರಾಗಿ 1955ರ ನವೆಂಬರ್ 25ರಿಂದ ಗಡಿಯ ಕಾಡಿನಲ್ಲಿ ಒಂದು ಗುಪ್ತ ರೇಡಿಯೋ ಮಾತಾಡತೊಡಗಿತು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಎಂಬ ಇಬ್ಬರು ಪೋರ್ಚುಗೀಸ್ ಮತ್ತು ಕೊಂಕಣಿ ಭಾಷೆಗಳಲ್ಲಿ ಗೋವಾದ ಜನರಿಗೆ ಸ್ವಾತಂತ್ರ್ಯದ ಸುದ್ದಿ ಹೇಳುತ್ತಿದ್ದರು. ಮೊದಲು ಅಂಬೋಲಿ ಘಟ್ಟದಲ್ಲಿ, ನಂತರ ಕ್ಯಾಸಲ್‌ರಾಕ್‌ನಲ್ಲಿ. ನಮ್ಮ ಲೋಂಡಾ ದಾಟಿ ರೈಲು ಗೋವಾಕ್ಕೆ ಇಳಿಯುವ ಮುಂಚೆ ಬರುವ ಅದೇ ಕ್ಯಾಸಲ್‌ರಾಕ್. ಆರು ವರ್ಷ ಅವರು ಕಾಡಿನ ಮಳೆ, ಜಿಗಣೆಗಳ ನಡುವೆ ಈ ಕೆಲಸ ನಡೆಸಿದರು. ಗೋವಾ ಬಿಡುಗಡೆಯಾದಾಗ ಇಬ್ಬರೂ ವಿಮಾನದಲ್ಲಿ ಪಣಜಿಯ ಮೇಲೆ ಹಾರುತ್ತ ಧ್ವನಿವರ್ಧಕದಲ್ಲಿ ಆ ಸುದ್ದಿ ಸಾರಿದರು. ಲಿಬಿಯಾ ಅವರಿಗೆ 2025ರಲ್ಲಿ, ನೂರರ ಪ್ರಾಯದಲ್ಲಿ, ಪದ್ಮಶ್ರೀ ಬಂತು. ನಾನು ಆ ರೈಲಿನಲ್ಲಿ ಹತ್ತಾರು ಸಲ ಹೋಗಿದ್ದೇನೆ, ಕ್ಯಾಸಲ್‌ರಾಕ್‌ನಲ್ಲಿ ಇಳಿದು ವಡಾ ತಿಂದಿದ್ದೇನೆ. ಒಮ್ಮೆಯೂ ಈ ಕಥೆ ಗೊತ್ತಿರಲಿಲ್ಲ.

ಬಿಡುಗಡೆಯ ನಂತರ ಪಣಜಿಯೂ ಆಕಾಶವಾಣಿಯಾಯಿತು. 1963ರಲ್ಲಿ ಸಾಂಗಲಿ ಕೇಂದ್ರ ಬಂತು. ಅಲ್ಲಿಗೆ ನಮ್ಮ ಹಗಲಿನ ಮುಳ್ಳಿಗೆ ಮೂರು ನಿಲ್ದಾಣ ಸಿಕ್ಕಿದವು: ಮೂಡಣಕ್ಕೆ ಕನ್ನಡದ ಧಾರವಾಡ, ಬಡಗಣಕ್ಕೆ ಮರಾಠಿಯ ಸಾಂಗಲಿ, ಪಡುವಣಕ್ಕೆ ಕೊಂಕಣಿಯ ಪಣಜಿ. ನಮ್ಮ ಸಂತೆಯಲ್ಲಿ ಕೇಳುವ ಮೂರು ಭಾಷೆಗಳು ಅವೇ ಅಲ್ಲವೇ? ರಾತ್ರಿಯಾದರೆ ದೆಹಲಿ, ನಾಗಪುರ ಎಲ್ಲ ಬರುತ್ತಿದ್ದವು. ನಾಗಪುರದ 1000 ಕಿಲೋವ್ಯಾಟಿನ ಯಂತ್ರದಿಂದ 1988ರಲ್ಲಿ ಶುರುವಾದ ರಾಷ್ಟ್ರೀಯ ವಾಹಿನಿಯನ್ನು ಆಕಾಶದ ದಾರಿ ನಂಬಿಕೊಂಡೇ ರಾತ್ರಿಗೆ ಇಟ್ಟಿದ್ದರು. ಆದರೆ ರಾತ್ರಿಯ ರೇಡಿಯೋ ದೇಶದ್ದು, ಹಗಲಿನದು ನೆರೆಹೊರೆಯದು. ಮಳೆ ಸುದ್ದಿ, ಪೇಟೆ ಧಾರಣೆ, ರೈತರ ಕಾರ್ಯಕ್ರಮ, ಮಧ್ಯಾಹ್ನದ ಶಾಲಾ ಪಾಠ, ಎಲ್ಲವೂ ಹಗಲಿನವು, ನೆಲ ಹಿಡಿದು ಬಂದವು.

ಹಿರಿಯರು ಹೇಳುವ ಹಾಗೆ ಮೊದಲು ಊರಿಗೆ ಒಂದೋ ಎರಡೋ ಸೆಟ್ಟು. ಮಾಳಿಗೆಯ ಮೇಲೆ ಜಾಳಿಗೆಯ ಏರಿಯಲ್ ಕಟ್ಟಿ, ನೆಲಕ್ಕೆ ತಾಮ್ರದ ತಂತಿ ಇಳಿಸಿ ಅದಕ್ಕೆ ದಿನಾ ಒಂದು ತಂಬಿಗೆ ನೀರು ಹಾಕುತ್ತಿದ್ದರಂತೆ. ರೇಡಿಯೋಕ್ಕೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕಿತ್ತು, ಆ ಪದ್ಧತಿ ಎಂಬತ್ತರ ದಶಕದಲ್ಲಿ ಹೋಯಿತು. ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋ ಗದ್ದೆಗೆ ಇಳಿಯಿತು. ನಾಟಿಯ ಹೊತ್ತಿಗೆ ಬದುವಿನ ಮೇಲೆ, ರಾಶಿಯ ಹೊತ್ತಿಗೆ ಕಣದ ಕಂಬದ ಮೇಲೆ. ಸೆಲ್ ಮುಗಿದರೆ ಬಿಸಿಲಿಗೆ ಒಣಗಿಸಿ ಮತ್ತೆ ಎರಡು ದಿನ ಓಡಿಸುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ.

ಈಗ ನೋಟ್‌ಬುಕ್ಕಿಗೆ ಬರುತ್ತೇನೆ. ಸರ್ ನಮ್ಮಲ್ಲಿ ಐದು ಜನರನ್ನು ಆರಿಸಿ, ಹಗಲು ಹನ್ನೊಂದರಿಂದ ಮೂರರ ಒಳಗೆ ಎಷ್ಟು ದೂರದ ಸ್ಟೇಷನ್ ಹಿಡಿಯಬಹುದು ನೋಡಿ ಎಂದರು. ಬಡಿಗೇರ ಅಂಗಡಿಯಿಂದ ಎರಡಡಿಯ ಚೌಕಟ್ಟು ಮಾಡಿಸಿದೆವು. ಅದರ ಸುತ್ತ ಹಳೆಯ ಮೋಟಾರಿನ ತಂತಿ ಹತ್ತು ಸುತ್ತು ಸುತ್ತಿ, ಕೆಟ್ಟ ರೇಡಿಯೋದಿಂದ ತೆಗೆದ ಗ್ಯಾಂಗ್ ಕಂಡೆನ್ಸರ್ ಎರಡು ತುದಿಗೂ ಜೋಡಿಸಿದೆವು. ಇದನ್ನು ರೇಡಿಯೋಕ್ಕೆ ತಂತಿಯಿಂದ ಕಟ್ಟಬೇಕಾಗಿಯೂ ಇಲ್ಲ, ಪಕ್ಕದಲ್ಲಿ ಇಟ್ಟು ಕಂಡೆನ್ಸರ್ ತಿರುಗಿಸಿದರೆ ಸಾಕು. ಸತ್ತಂತಿದ್ದ ಜಾಗದಲ್ಲಿ ದನಿ ಎದ್ದು ಬರುತ್ತದೆ. ಮೊದಲ ಸಲ ಅದು ಆದಾಗ ನಾವು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಗಣಿತದ ಮೇಡಂ ಬಂದು ಎಲ್ಲರನ್ನೂ ಹೊರಗೆ ನಿಲ್ಲಿಸಿದ್ದರು.

ಡಿಸೆಂಬರ್ ಒಳ್ಳೆಯ ತಿಂಗಳು. ಚಳಿಗಾಲಕ್ಕೆ ಸೂರ್ಯ ತಗ್ಗಿರುತ್ತಾನೆ, ಸಿಡಿಲಿನ ಕರಕರ ಇರುವುದಿಲ್ಲ. ಆ ಎರಡು ವಾರದಲ್ಲಿ ನಾವು ಬರೆದದ್ದು ಹೀಗಿದೆ. 765 ಧಾರವಾಡ, "ಭಯಂಕರ ಜೋರು". 1287 ಪಣಜಿ, ದೂರ ಎಪ್ಪತ್ತೈದು ಕಿಲೋಮೀಟರ್ ಮಾತ್ರ, 100 ಕಿಲೋವ್ಯಾಟ್. ಆದರೂ ಧಾರವಾಡದ ಕಾಲು ಭಾಗದಷ್ಟೂ ಜೋರಿಲ್ಲ, ಯಾಕೆಂದರೆ ಅದು ಘಟ್ಟ ಹತ್ತಿ ಬರಬೇಕು, ಅಲ್ಲದೆ ಸಂಖ್ಯೆ ಹೆಚ್ಚಿದ್ದಷ್ಟೂ ನೆಲ ಅಲೆಯನ್ನು ಹೆಚ್ಚು ತಿನ್ನುತ್ತದೆ. 1251 ಸಾಂಗಲಿ, ಸಣ್ಣಗೆ, ಸ್ಪಷ್ಟ. 1143 ರತ್ನಾಗಿರಿ, ಒಂದೇ ದಿನ. ಪುಣೆಯ 792 ನಮ್ಮನ್ನು ಬಹಳ ಕಾಡಿತು. ಮುನ್ನೂರು ಕಿಲೋಮೀಟರ್ ಮೀರಿದ ದೂರ, ಮೇಲಾಗಿ ಪಕ್ಕದಲ್ಲೇ 765ರ ಧಾರವಾಡ ಅಬ್ಬರಿಸುತ್ತಿತ್ತು. ನಮ್ಮೊಳಗಿನ ಒಬ್ಬಳು ಬೇಸತ್ತು ರೇಡಿಯೋವನ್ನೇ ಎತ್ತಿ ಅಡ್ಡ ತಿರುಗಿಸಿದಳು. ಧಾರವಾಡ ಥಟ್ಟನೆ ಕುಗ್ಗಿತು, ಪುಣೆ ಎದ್ದಿತು. ರೇಡಿಯೋದ ಒಳಗೆ ಕಪ್ಪು ಫೆರೈಟ್ ಕಡ್ಡಿಯೊಂದು ಇರುತ್ತದೆ, ಅದರ ತುದಿ ಯಾವ ಊರಿನ ಕಡೆಗೆ ನೆಟ್ಟಗಾಗುತ್ತದೋ ಆ ಊರು ಕೇಳುವುದಿಲ್ಲ. ಧಾರವಾಡ ನಮಗೆ ಮೂಡಣ, ಪುಣೆ ಬಡಗಣ, ಸರಿಯಾಗಿ ಕಾಟಕೋನ. ಪುಸ್ತಕದ ಪಾಠ ಅವಳ ಸಿಟ್ಟಿನಿಂದ ನಮಗೆ ಸಿಕ್ಕಿತು.

ಕೊನೆಯ ಪುಟದಲ್ಲಿ 612, ಬೆಂಗಳೂರು. ಎದುರಿಗೆ "19-12-2003, 1-10, ಅರ್ಧ ವಾಕ್ಯ" ಎಂದಷ್ಟೇ ಬರೆದಿದೆ. ಸುಮಾರು 440 ಕಿಲೋಮೀಟರ್, ಹಗಲು, ನೆಲದ ಮೇಲಿಂದ. ಆ ಅರ್ಧ ವಾಕ್ಯ ಏನೆಂದು ಈಗ ನೆನಪಿಲ್ಲ. ಆದರೆ ಮೂರು ವರ್ಷದ ನಂತರ ಬಿ.ಇ.ಗೆ ಯಾವ ಶಾಖೆ ಎಂದು ಕೇಳಿದಾಗ ನಾನು ಯೋಚಿಸದೆ ಎಲೆಕ್ಟ್ರಾನಿಕ್ಸ್ ಎಂದೆ.

ಅಲ್ಲಿಂದ ಮುಂದೆ ಎಲ್ಲರ ಹಾಗೆ ನನ್ನದೂ ಬೆಂಗಳೂರು, ಮೊಬೈಲು, ಎಫ್‌ಎಮ್. ರೇಡಿಯೋ ಮರೆತೆ. ನೆನಪು ಮಾಡಿಕೊಟ್ಟದ್ದು 2019ರ ಆಗಸ್ಟ್ ತಿಂಗಳ ಮಳೆ. ಮಲಪ್ರಭೆ ಉಕ್ಕಿ ರಸ್ತೆ ಕಟ್ಟಾದ ದಿನಗಳು ನಿಮಗೆಲ್ಲ ಗೊತ್ತು. ಕರೆಂಟು ಹೋಯಿತು, ಟವರಿನ ಬ್ಯಾಟರಿ ಮುಗಿಯಿತು, ಊರಲ್ಲಿ ಒಬ್ಬರೇ ಇದ್ದ ಅಪ್ಪನ ಫೋನು ನಾಲ್ಕು ದಿನ ಸತ್ತಿತ್ತು. ನಾನು ಬೆಂಗಳೂರಿನಲ್ಲಿ ಎರಡು ಪರದೆ ಇಟ್ಟುಕೊಂಡು ಮಳೆಯ ನಕ್ಷೆ ನೋಡುತ್ತ ನಿದ್ದೆಗೆಟ್ಟಿದ್ದೆ. ಐದನೆಯ ದಿನ ಫೋನು ಹತ್ತಿತು. ನಾನು ಅಳುವ ದನಿಯಲ್ಲಿ ಕೇಳಿದರೆ ಅಪ್ಪ, "ನನಗೇನಾಗೇತಿ? ಮೂರೂ ಹೊತ್ತು ಧಾರವಾಡ ಹಚ್ಚೇನಿ. ನವಿಲುತೀರ್ಥದ ಸುದ್ದಿ, ಯಾವ ರಸ್ತೆ ಬಂದ್ ಎಲ್ಲಾ ಗೊತ್ತೈತಿ. ನಿನ್ನ ಸುದ್ದಿ ಒಂದ ರೇಡಿಯೋದಾಗ ಬರಲಿಲ್ಲ ನೋಡು" ಎಂದರು.

ಮರುವರ್ಷ ಮನೆಯಿಂದಲೇ ಕೆಲಸ ಶುರುವಾಯಿತು. ಅಪ್ಪನನ್ನೂ ಕರೆದುಕೊಂಡು ಸದಾಶಿವನಗರಕ್ಕೆ ಬಂದೆವು. ಅವರು ಚೀಲದಲ್ಲಿ ಬಟ್ಟೆಗಿಂತ ಮೊದಲು ತುಂಬಿಕೊಂಡದ್ದು ರೇಡಿಯೋ. ಆದರೆ ಇಲ್ಲಿ ಹಚ್ಚಿದರೆ ಹಗಲೆಲ್ಲ ಬರೀ ಗೊರಗೊರ. ಇಲ್ಲಿಂದ ಧಾರವಾಡ ನೇರ ರೇಖೆಯಲ್ಲಿ ಎಪ್ಪತ್ತು ಕಿಲೋಮೀಟರ್, ಬರದೇ ಇರಲು ಕಾರಣವೇ ಇಲ್ಲ. ಅಪ್ಪ ಸ್ಟೇಷನ್ನೇ ಮುಚ್ಚಿತು ಎಂದು ತೀರ್ಮಾನಿಸಿ, ರೇಡಿಯೋವನ್ನು ಕಪಾಟಿನ ಮೇಲಿಟ್ಟು ಮಾತು ಕಡಿಮೆ ಮಾಡಿದರು. ನಾನೂ ಹಾಗೇ ಇರಬೇಕೆಂದು ಎಂಟು ತಿಂಗಳು ಸುಮ್ಮನಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಕಲಿತದ್ದು ಎಲೆಕ್ಟ್ರಾನಿಕ್ಸ್, ಮನೆಯಲ್ಲಿ ಒಂದು ರೇಡಿಯೋ ಯಾಕೆ ಮಾತಾಡುತ್ತಿಲ್ಲ ಎಂದು ನೋಡಲಿಲ್ಲ.

ಒಂದು ಮಧ್ಯಾಹ್ನ ಓಣಿಯಲ್ಲೆಲ್ಲ ಕರೆಂಟು ಹೋಯಿತು. ಅಪ್ಪ ಬೇಸರಕ್ಕೆ ರೇಡಿಯೋ ಇಳಿಸಿ ಗುಂಡಿ ತಿರುಗಿಸಿದರು. ಧಾರವಾಡ! ನಮ್ಮೂರಿನ ಗದ್ದೆಯಲ್ಲಿ ಬರುತ್ತಿದ್ದ ಹಾಗೇ. ಕರೆಂಟು ಮರಳಿ ಬಂದ ಕ್ಷಣ ಮತ್ತೆ ಗೊರಗೊರ. ಆಗ ಹೊಳೆಯಿತು. ಅಂದು ರಜೆ ಹಾಕಿ ಮನೆಯ ಒಂದೊಂದೇ ಸ್ವಿಚ್ಚು ಆರಿಸುತ್ತ, ರೇಡಿಯೋ ಹಿಡಿದು ಕೋಣೆ ಕೋಣೆ ತಿರುಗಿದೆ. ಜೀನಾದ ಎಲ್‌ಇಡಿ ಬಲ್ಬು ಒಂದು ಕಳ್ಳ. ದೊಡ್ಡ ಕಳ್ಳ ನನ್ನ ಮೇಜಿನ ಕೆಳಗೇ ಇತ್ತು, ಲ್ಯಾಪ್‌ಟಾಪಿನ ಅಗ್ಗದ ಚಾರ್ಜರು. ಈಗಿನ ಚಾರ್ಜರುಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುತ್ತವೆ. ಆ ಕತ್ತರಿಯ ಸದ್ದು ಮಧ್ಯಮ ತರಂಗದ ಮೇಲೆಲ್ಲ ಚೆಲ್ಲುತ್ತದೆ. ಧಾರವಾಡದ ಎರಡು ಲಕ್ಷ ವ್ಯಾಟನ್ನು ನನ್ನ ಮೇಜಿನ ಅರವತ್ತೈದು ವ್ಯಾಟು ಸೋಲಿಸಿತ್ತು, ಹತ್ತಿರ ಇದ್ದ ಒಂದೇ ಕಾರಣಕ್ಕೆ. ಚಾರ್ಜರು ಬದಲಿಸಿದೆ, ರೇಡಿಯೋವನ್ನು ಮೂಡಣದ ಕಿಟಕಿಗೆ ತಂದಿಟ್ಟೆ. ಅಪ್ಪನ ಮುಂಜಾನೆ ಮರಳಿ ಶುರುವಾಯಿತು.

ಆಕಾಶವಾಣಿಯ ಹಳೆಯ ಎಎಮ್ ಯಂತ್ರಗಳು ದೇಶದಲ್ಲಿ ಒಂದೊಂದಾಗಿ ನಿಲ್ಲುತ್ತಿವೆ. 2023ರ ಏಪ್ರಿಲ್ 28ರಂದು ಒಂದೇ ದಿನ ನೂರು ವ್ಯಾಟಿನ 91 ಎಫ್‌ಎಮ್ ಯಂತ್ರಗಳನ್ನು ಉದ್ಘಾಟಿಸಿದರು. ಎಫ್‌ಎಮ್‌ನ ದನಿ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನೋಟದ ದೂರಕ್ಕೆ ಹೋಗುವ ಅಲೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಕಣಕುಂಬಿ ಕಡೆಯ ಕಣಿವೆಗಳಲ್ಲಿ ಇರುವವರಿಗೆ ನೂರು ವ್ಯಾಟಿನ ಲೆಕ್ಕ ಯಾರು ಹೇಳಬೇಕು? ಎಎಮ್ ಅನ್ನು ಹಳೆಯದು ಎಂದು ತೆಗೆಯುವವರು ಮೊದಲು ಒಂದು ಮಳೆಗಾಲ ನಮ್ಮ ತಾಲೂಕಿನಲ್ಲಿ ಇದ್ದು ಹೋಗಲಿ ಎಂಬುದು ನನ್ನ ಸಣ್ಣ ಹಟ.

ಲೇಖನಕ್ಕಾಗಿ ಹಳೆಯ ನೋಟ್‌ಬುಕ್ ಹುಡುಕುವಾಗ ಚೌಕಟ್ಟಿನ ನೆನಪೂ ಬಂತು. ಅದು ಎಂದೋ ಒಲೆ ಸೇರಿತ್ತು. ಹೊಸದೊಂದು ಮಾಡಿ, ಕಳೆದ ಡಿಸೆಂಬರಿನಲ್ಲಿ ಶಾಲೆಗೆ ತೆಗೆದುಕೊಂಡು ಹೋದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎಂಟನೆಯ ತರಗತಿಯ ಮಕ್ಕಳು ಮುತ್ತಿಕೊಂಡರು. ವಿಜ್ಞಾನ ಕೋಣೆಯಲ್ಲಿ ಈಗ ಟಿವಿ, ಇನ್ವರ್ಟರ್ ಎಲ್ಲ ಇರುವುದರಿಂದ ಗದ್ದಲ. ಹೊರಗೆ ಮರದ ಕೆಳಗೆ ಬೆಂಚು ಹಾಕಿಸಿದೆ. ಧಾರವಾಡ ಬಂದಾಗ ಯಾರಿಗೂ ಅಷ್ಟು ಬೆರಗಿಲ್ಲ, ಮೊಬೈಲಿನಲ್ಲಿ ಎಲ್ಲವೂ ಬರುತ್ತದಲ್ಲ. ಒಬ್ಬ ಹುಡುಗಿ ಮಾತ್ರ ಬಿಡದೆ ಚೌಕಟ್ಟು ತಿರುಗಿಸುತ್ತ, ಕಂಡೆನ್ಸರಿನ ಗುಂಡಿಯನ್ನು ಕೂದಲೆಳೆಯಷ್ಟು ಸರಿಸುತ್ತ ಕುಳಿತಳು. ಗೊರಗೊರದ ಒಳಗಿಂದ ಎಲ್ಲಿಯದೋ ಹೆಣ್ಣು ದನಿಯೊಂದು ಮರಾಠಿಯಲ್ಲಿ ಏನನ್ನೋ ಓದುತ್ತಿತ್ತು. ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾದರು. ಆ ಹುಡುಗಿಯ ಮನೆಮಾತು ಮರಾಠಿ. ಅವಳು ಕಿವಿಯನ್ನು ರೇಡಿಯೋಕ್ಕೆ ಹಚ್ಚಿ, ಉಳಿದವರಿಗೆ ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳತೊಡಗಿದಳು: "ಉಳ್ಳಾಗಡ್ಡಿ... ಕ್ವಿಂಟಲ್‌ಗೆ... ನಿಂದ್ರ್ರಿ, ನಿಂದ್ರ್ರಿ, ಮತ್ತ ಹೋತು..."

ಬಿಡುವಿನ ಗಂಟೆ ಬಾರಿಸಿತು. ಯಾರೂ ಏಳಲಿಲ್ಲ.